ತೂಬು ತೆಗೆಯುವವರು ಯಾರು?

(ಕೋಲಾರ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಕೊಟ್ಟ ಉಪನ್ಯಾಸ ಇದು. ಬರಲಾಗದವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಎದ್ದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಸ್ಸಿನಿಂದ ಇಳಿದವನು ರಸ್ತೆ ಬಿಟ್ಟು ನಿಮ್ಮ ಕೆರೆ ಏರಿಯ ಮೇಲೆ ನಡೆದುಕೊಂಡು ಬಂದೆ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ ನಿಂತಿವೆ. ಅವುಗಳ ನಡುವೆ ಅಡ್ಡಲಾಗಿ ಎರಡು ಚಪ್ಪಡಿ. ಪ್ರತಿ ಚಪ್ಪಡಿಯ ಮಧ್ಯದಲ್ಲೂ ಒಂದು ತೂತು. ನನ್ನ ಜೊತೆ ಇಬ್ಬರು ಹುಡುಗರು ಬರುತ್ತಿದ್ದರು. ಈಗ ಇಲ್ಲೇ ಮುಂದೆ ಕೂತಿದ್ದಾರೆ. "ಏನಪ್ಪಾ ಅದು?" ಅಂತ ಕೇಳಿದೆ. ಒಬ್ಬ "ಹಳೇ ದೇವಸ್ಥಾನದ ಬಾಗಿಲು ಸರ್" ಅಂದ. ಇನ್ನೊಬ್ಬ "ಉಯ್ಯಾಲೆ ಕಟ್ಟೋ ಕಂಬ" ಅಂದ.

ಅದು ತೂಬು. ಆ ಎರಡು ತೂತಿನೊಳಗೆ ಉದ್ದನೆಯ ಗಳ ಇಳಿಬಿಟ್ಟಿರುತ್ತಿದ್ದರು. ಗಳದ ತುದಿಗೆ ಮರದ ಬಿರಡೆ. ಕೆರೆಯ ತಳದ ಕಲ್ಲಿನಲ್ಲಿ ಇನ್ನೊಂದು ತೂತು, ಅದಕ್ಕೆ ಈ ಬಿರಡೆ ಕೂತರೆ ನೀರು ನಿಲ್ಲುತ್ತದೆ. ಎತ್ತಿದರೆ ಏರಿಯ ಅಡಿಯಿಂದ ನೀರು ಕಾಲುವೆಗೆ ಹರಿಯುತ್ತದೆ. ಎಷ್ಟು ಎತ್ತಬೇಕು, ಯಾವತ್ತು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವುದೆಲ್ಲ ಒಬ್ಬ ಮನುಷ್ಯನ ಕೆಲಸ. ಅವನನ್ನು ನೀರುಗಂಟಿ ಅನ್ನುತ್ತಿದ್ದೆವು. ಎದೆಮಟ್ಟದ ನೀರಿನಲ್ಲಿ ಈಜಿಕೊಂಡು ಹೋಗಿ ಬಿರಡೆ ಎತ್ತಿ ಬರುವುದನ್ನು ಇಲ್ಲಿ ಕೂತಿರುವ ಹಿರಿಯರು ನೋಡಿರುತ್ತೀರಿ. ಮಕ್ಕಳು ನೋಡಿಲ್ಲ. ಅವರು ಹುಟ್ಟಿದ ಮೇಲೆ ಆ ತೂಬನ್ನು ಯಾರೂ ತೆಗೆದಿಲ್ಲ.

ನನಗೆ ಕೊಟ್ಟಿರುವ ವಿಷಯ ಸಾರ್ವಜನಿಕ ಸರಕುಗಳು. ಪುಸ್ತಕದಲ್ಲಿ ಇದು ಅರ್ಥಶಾಸ್ತ್ರದ ಅಧ್ಯಾಯ. ಆದರೆ ನಾನು ಇದನ್ನು ಕಲಿತದ್ದು ಇಂಥ ತೂಬುಗಳ ಪಕ್ಕದಲ್ಲೇ. ಹಾಗಾಗಿ ಇವತ್ತು ಪೂರ್ತಿ ಆ ಎರಡು ಕಂಬ ಬಿಟ್ಟು ದೂರ ಹೋಗುವುದಿಲ್ಲ.

ಮೊದಲು ಎರಡು ಪ್ರಶ್ನೆ ಇಟ್ಟುಕೊಳ್ಳೋಣ. ಯಾವ ವಸ್ತು ಕಂಡರೂ ಕೇಳಿ. ಒಂದು, ನಾನು ಬಳಸಿದರೆ ನಿಮಗೆ ಕಮ್ಮಿ ಆಗುತ್ತದಾ? ಎರಡು, ದುಡ್ಡು ಕೊಡದವರನ್ನು, ಕೈ ಹಾಕದವರನ್ನು ಹೊರಗಿಡುವುದಕ್ಕೆ ಆಗುತ್ತದಾ?

ಒಂದು ಕೆಜಿ ಟೊಮೆಟೊ ತಗೊಳ್ಳಿ. ನಾನು ತಿಂದರೆ ನಿಮಗಿಲ್ಲ. ದುಡ್ಡು ಕೊಡದಿದ್ದರೆ ಅಂಗಡಿಯವರು ಕೊಡುವುದಿಲ್ಲ. ಎರಡಕ್ಕೂ "ಹೌದು". ಅದು ಖಾಸಗಿ ಸರಕು, ಅದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ. ಈಗ ಈ ಗ್ರಂಥಾಲಯದ ಎದುರಿನ ಬೀದಿದೀಪ ನೋಡಿ. ಅದರ ಬೆಳಕಿನಲ್ಲಿ ನಾನು ನಡೆದರೆ ನಿಮ್ಮ ಪಾಲಿನ ಬೆಳಕು ಕಮ್ಮಿ ಆಗಲ್ಲ. ಕಂದಾಯ ಕಟ್ಟದವರು ಬಂದಾಗ ದೀಪ ಆರಿಸಿ, ಕಟ್ಟಿದವರು ಬಂದಾಗ ಹಚ್ಚುವುದಕ್ಕೂ ಆಗಲ್ಲ. ಎರಡಕ್ಕೂ "ಇಲ್ಲ". ಅದು ಸಾರ್ವಜನಿಕ ಸರಕು. 1954ರಲ್ಲಿ ಪಾಲ್ ಸ್ಯಾಮುಯೆಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಇಂಥ ಸರಕನ್ನು ಗಣಿತದಲ್ಲಿ ಕೂರಿಸಿದರು. ಬಿಡಿಬಿಡಿಯಾಗಿ ಮಾರಾಟ ಮಾಡುವ ಮಾರುಕಟ್ಟೆ ಇದನ್ನು ಬೇಕಾದಷ್ಟು ಒದಗಿಸುವುದಿಲ್ಲ ಎಂದು ತೋರಿಸಿದರು. ಕಾರಣ ಸುಲಭ. ಕೊಡದಿದ್ದರೂ ಸಿಗುವುದಾದರೆ ಯಾರು ಕೊಡುತ್ತಾರೆ? ಪಕ್ಕದವರು ಕೊಡಲಿ ಎಂದು ಎಲ್ಲರೂ ಕಾಯುತ್ತಾರೆ. ಇದಕ್ಕೆ ಪುಕ್ಕಟೆ ಸವಾರಿ ಎಂಬ ಹೆಸರಿದೆ.

ಈ ಮಾತು ಅವರಿಗಿಂತ ಬಹಳ ಹಳೆಯದು. 1740ರಲ್ಲೇ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಒಂದು ಉದಾಹರಣೆ ಕೊಟ್ಟಿದ್ದ. ನೀರು ನಿಂತ ಒಂದು ಹುಲ್ಲುಗಾವಲು ಇದೆ. ಎರಡು ಮನೆಯವರದ್ದಾದರೆ ಇಬ್ಬರೂ ಸೇರಿ ಕಾಲುವೆ ತೋಡಿ ನೀರು ಹೊರಹಾಕುತ್ತಾರೆ. ಒಬ್ಬ ಕೈಕೊಟ್ಟರೆ ಕೆಲಸವೇ ಕೆಡುತ್ತದೆ ಅಂತ ಇಬ್ಬರಿಗೂ ಗೊತ್ತು. ಅದೇ ಸಾವಿರ ಜನರದ್ದಾದರೆ? ಪ್ರತಿಯೊಬ್ಬರೂ ಉಳಿದವರ ಮೇಲೆ ಭಾರ ಹಾಕಲು ನೋಡುತ್ತಾರೆ, ಕಾಲುವೆ ಆಗುವುದೇ ಇಲ್ಲ. ಹ್ಯೂಮ್ ನಮ್ಮ ಜಿಲ್ಲೆ ನೋಡಿದವನಲ್ಲ. ಆದರೂ ಆ ಸಾಲುಗಳನ್ನು ಓದುವಾಗಲೆಲ್ಲ ನನಗೆ ನಮ್ಮ ರಾಜಕಾಲುವೆಗಳೇ ಕಣ್ಣಿಗೆ ಕಟ್ಟುತ್ತವೆ.

ಕೆರೆ ಯಾವ ಬಗೆ? ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಕೆರೆಯ ನೀರು ಬೀದಿದೀಪದ ಬೆಳಕಿನ ಹಾಗಲ್ಲ. ಮೇಲಿನ ಗದ್ದೆಯವರು ಜಾಸ್ತಿ ಬಿಟ್ಟುಕೊಂಡರೆ ಕೆಳಗಿನ ಗದ್ದೆಗೆ ಇಲ್ಲ. ಅಂದರೆ ಬಳಸಿದರೆ ಕಮ್ಮಿ ಆಗುತ್ತದೆ, ಆದರೆ ತಡೆಯುವುದು ಕಷ್ಟ. ಇಂಥದ್ದು ಹಂಚಿಕೊಳ್ಳಬೇಕಾದ ಸಂಪತ್ತು. ಕೆರೆಯಿಂದ ಭೂಮಿಗೆ ಇಂಗಿ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಸೇರುವ ನೀರೂ ಇದೇ ಬಗೆ. ಆದರೆ ಏರಿ ಗಟ್ಟಿಯಾಗಿದ್ದು ಊರು ಕೊಚ್ಚಿಹೋಗದೆ ಉಳಿಯುವುದು ಎಲ್ಲರಿಗೂ ಒಂದೇ. ಸಂಜೆ ಹೊತ್ತು ಏರಿಯ ಮೇಲೆ ಬೀಸುವ ತಂಪು ಗಾಳಿಯೂ ಅಷ್ಟೇ, ಯಾರಿಗೂ ಕಮ್ಮಿಯಾಗಲ್ಲ. ಇವು ನಿಜವಾದ ಸಾರ್ವಜನಿಕ ಸರಕು. ಒಂದೇ ಕೆರೆ, ಅದರೊಳಗೆ ಎರಡು ಮೂರು ಬಗೆ ಬೆರೆತಿದೆ. ಅದಕ್ಕೇ ಅದನ್ನು ನಡೆಸುವುದು ಬೀದಿದೀಪ ಹಚ್ಚಿದಷ್ಟು ಸಲೀಸಲ್ಲ.

ನಮ್ಮದು ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಪಾಲಾರ್, ಪಿನಾಕಿನಿಗಳು ನಂದಿ ಬೆಟ್ಟದ ಕಡೆ ಹುಟ್ಟುತ್ತವೆ. ಆದರೆ ಮಳೆಗಾಲ ಮುಗಿದರೆ ಮರಳಷ್ಟೇ. ಆದ್ದರಿಂದ ನಮ್ಮ ಹಿಂದಿನವರು ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದರು. ಕೋಲಾರ, ಚಿಕ್ಕಬಳ್ಳಾಪುರ ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ ಸಾವಿರಾರು ಕೆರೆ ಇದ್ದವು. ಅವು ಬಿಡಿ ಕೆರೆಗಳಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಸರಪಣಿಯ ಹಾಗೆ.

ಇವನ್ನು ಯಾರು ನಡೆಸುತ್ತಿದ್ದರು? "ರಾಜರು ಕಟ್ಟಿಸಿದರು" ಎಂದು ಶಾಲೆಯಲ್ಲಿ ಓದುತ್ತೇವೆ. ಕಟ್ಟಿಸಿದವರಲ್ಲಿ ರಾಜರೂ ಇದ್ದಾರೆ, ಪಾಳೇಗಾರರೂ ಇದ್ದಾರೆ, ಊರ ಗೌಡರು, ವ್ಯಾಪಾರಿಗಳು, ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಕಟ್ಟುವುದು ಒಂದು ಸಲದ ಕೆಲಸ. ಕಾಪಾಡುವುದು ಪ್ರತಿ ವರ್ಷದ ಕೆಲಸ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆಯ ಉಸ್ತುವಾರಿಗೆಂದೇ ಬಿಟ್ಟ ಭೂಮಿ, ಇಲ್ಲವೇ ಬೆಳೆಯಲ್ಲಿ ಒಂದು ಪಾಲು. ಕೆರೆ ಕಟ್ಟಿಸಿದಾಗಲೇ ಅದರ ಹೂಳು ತೆಗೆಯುವ ಖರ್ಚು ಎಲ್ಲಿಂದ ಬರಬೇಕು ಎಂದು ಕಲ್ಲಿನ ಮೇಲೆ ಬರೆಸಿಡುತ್ತಿದ್ದರು. ನನಗೆ ಇದು ಬಹಳ ದೊಡ್ಡ ತಿಳಿವಳಿಕೆ ಅನಿಸುತ್ತದೆ. ಇವತ್ತು ಶುದ್ಧ ನೀರಿನ ಘಟಕ ಉದ್ಘಾಟನೆ ಆಗುತ್ತದೆ, ಫಿಲ್ಟರ್ ಕೆಟ್ಟಾಗ ಬದಲಾಯಿಸುವ ದುಡ್ಡು ಯಾವ ಲೆಕ್ಕದಲ್ಲಿದೆ ಅಂದರೆ ಉತ್ತರವಿಲ್ಲದೆ ಬೀಗ ಬಿದ್ದಿರುವ ಘಟಕಗಳನ್ನು ನಾನೇ ನೋಡಿದ್ದೇನೆ.

ಹೊಲದ ಮಟ್ಟದಲ್ಲಿ ಇದನ್ನೆಲ್ಲ ನಡೆಸಿದವನು ನೀರುಗಂಟಿ. ಅವನ ಕೆಲಸವನ್ನು ಹತ್ತಿರದಿಂದ ನೋಡಿದವನು ನಾನು. ನಮ್ಮೂರಿನ ನೀರುಗಂಟಿ ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ಓಡಾಡುತ್ತಿದ್ದ. ಇಲಿ ಬಿಲ, ಹೆಗ್ಗಣದ ಬಿಲ ಹುಡುಕಿ ಮಣ್ಣು ತುಂಬಿ ಕಾಲಿನಿಂದ ಮೆಟ್ಟುತ್ತಿದ್ದ. ಏರಿಯಲ್ಲಿ ನೀರು ಜಿನುಗುವ ಸದ್ದು ಅವನಿಗೆ ಕೇಳಿಸುತ್ತಿತ್ತು, ನಮಗೆ ಕೇಳಿಸುತ್ತಿರಲಿಲ್ಲ. ನೀರು ಬಿಡುವ ಕಾಲದಲ್ಲಿ ಹೆಗಲ ಮೇಲೆ ಸನಿಕೆ. ಒಂದು ಗದ್ದೆಯ ಬಾಯಿ ಕಟ್ಟಿ ಇನ್ನೊಂದರ ಬಾಯಿ ತೆಗೆಯುವುದು ಅವನೊಬ್ಬನೇ. ಎಷ್ಟೇ ದೊಡ್ಡ ಜಮೀನ್ದಾರನಾದರೂ ತಾನಾಗಿ ಮಡೆ ತೆಗೆಯುವ ಹಾಗಿರಲಿಲ್ಲ. ಮಳೆ ಕಮ್ಮಿಯಾಗಿ ಕೆರೆ ಅರ್ಧ ತುಂಬಿದ ವರ್ಷ ಊರಿನವರು ಕೂತು, ಈ ಸಲ ಎಷ್ಟು ಎಕರೆಗೆ ನೀರು ಸಾಕು ಎಂದು ನೋಡಿ, ದಾಮಾಷಾ ಪ್ರಕಾರ, ಅಂದರೆ ಒಂದೇ ಪ್ರಮಾಣದಲ್ಲಿ, ಎಲ್ಲರ ಪಾಲನ್ನೂ ಇಳಿಸುತ್ತಿದ್ದರು. ನಾಲ್ಕು ಎಕರೆಯವನಿಗೆ ಎರಡು, ಒಂದು ಎಕರೆಯವನಿಗೆ ಅರ್ಧ. ಸುಗ್ಗಿಯಲ್ಲಿ ಕಣದ ಹತ್ತಿರ ನೀರುಗಂಟಿಗೆ ಪ್ರತಿಯೊಬ್ಬರೂ ಇಷ್ಟು ಕಾಳು, ಇಷ್ಟು ಹುಲ್ಲು ಎಂದು ಆಯ ಕೊಡಬೇಕು. ಅವನ ಪಾಲು ಎತ್ತಿಟ್ಟ ಮೇಲೇ ರಾಶಿ ಮನೆಗೆ.

ಗಮನಿಸಿ, ಇದರಲ್ಲಿ ಮೂರು ಇವೆ. ಕಾಯುವ ಒಬ್ಬ ಮನುಷ್ಯ. ಅವನಿಗೆ ತಪ್ಪದ ಕೂಲಿ. ಅವನ ಮಾತಿಗೆ ಊರಿನ ಬೆಂಬಲ. ಮೂರರಲ್ಲಿ ಒಂದು ತಪ್ಪಿದರೂ ತೂಬು ಕೆಟ್ಟು ನಿಂತ ಹಾಗೆಯೇ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಸಾರ್ವಜನಿಕ ಅಂದರೆ ಸರ್ಕಾರದ್ದು ಅಂತಲೂ ಅಲ್ಲ, ಯಾರದ್ದೂ ಅಲ್ಲ ಅಂತಲೂ ಅಲ್ಲ. ಕಾಯುವವರು ಯಾರು, ಅವರಿಗೆ ಕೊಡುವವರು ಯಾರು ಎಂದು ಗೊತ್ತಿರುವ ವಸ್ತು.

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದರು. "ಸಾರ್, ಆ ನೀರುಗಂಟಿ ಯಾವ ಜಾತಿಯವನು ಅಂತ ಹೇಳಲಿಲ್ಲ ನೀವು."

ಸರಿಯಾದ ಮಾತು. ಅದನ್ನು ಬಿಟ್ಟು ಮುಂದೆ ಹೋಗುವ ಹಾಗೇ ಇಲ್ಲ. ನಮ್ಮ ಕಡೆ ನೀರುಗಂಟಿ, ತೋಟಿ, ತಳವಾರ ಕೆಲಸ ಮಾಡಿದವರು ಹೆಚ್ಚಾಗಿ ದಲಿತರು. ತಂದೆಯ ಕೆಲಸ ಮಗನಿಗೆ. ಬೇಡ ಅನ್ನುವ ಹಕ್ಕಿಲ್ಲ. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದವನು ಊರ ಬಾವಿಯಲ್ಲಿ ಸೇದುವ ಹಾಗಿರಲಿಲ್ಲ. ಹೊರಗಿಡಲು ಆಗದ ಸರಕು ಎಂದು ಅರ್ಥಶಾಸ್ತ್ರ ಹೇಳುತ್ತದೆ. ನಮ್ಮ ಸಮಾಜ ಹೊರಗಿಟ್ಟು ತೋರಿಸಿತು. ಬೇಲಿ ಬೇಕಾಗಲಿಲ್ಲ, ಮೀಟರ್ ಬೇಕಾಗಲಿಲ್ಲ.

ಮಹಾರಾಷ್ಟ್ರದ ಮಹಾಡ್ ಊರಿನ ಕೆರೆಯ ವಿಷಯ ನಿಮಗೆ ಗೊತ್ತಿರುತ್ತದೆ. 1923ರಲ್ಲಿ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು ಠರಾವು ಮಾಡಿತು. ಮಹಾಡಿನ ಪುರಸಭೆಯೂ ಅದನ್ನು ಒಪ್ಪಿತು. ಕಾಗದದಲ್ಲಿ ಕೆರೆ ಎಲ್ಲರದ್ದಾಯಿತು. ಆದರೆ ದಲಿತರಲ್ಲಿ ಒಬ್ಬರೂ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರ ಜೊತೆ ನಡೆದು ಹೋಗಿ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಒಂದು ಕೆರೆ ನಿಜವಾಗಿ ಸಾರ್ವಜನಿಕ ಆಗಬೇಕಾದರೆ ಏನೇನು ಆಗಬೇಕು ಎಂದು ಕೇಳುವವರು ಮೊದಲು ಆ ದಿನವನ್ನು ನೆನೆಯಬೇಕು.

ನಮ್ಮಲ್ಲಿ 1961ರ ಕಾಯ್ದೆಯಿಂದ ಊರಿನ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಆಗಲೇಬೇಕಿತ್ತು. ಹುಟ್ಟಿನಿಂದ ಬಂದ ಚಾಕರಿ ಯಾರಿಗೂ ಬೇಡ. ಆದರೆ ಆಳನ್ನು ಬಿಡಿಸಿದ ಮೇಲೆ ಕೆಲಸಕ್ಕೆ ಬೇರೆ ಏರ್ಪಾಟು ಆಗಬೇಕಿತ್ತು ಅಲ್ವಾ? ಗೌರವದ, ಸಂಬಳದ, ಯಾರು ಬೇಕಾದರೂ ಅರ್ಜಿ ಹಾಕಬಹುದಾದ ಒಂದು ಹುದ್ದೆ. ಅದು ಆಗಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಮ್ಮಿ ಇರುವ ಕೆರೆ ಪಂಚಾಯತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಎಂದು ಹಂಚಿಕೆಯಾಯಿತು. ಇಲಾಖೆಯ ಇಂಜಿನಿಯರು ಎಷ್ಟೋ ಕೆರೆಗಳಿಗೆ ಒಬ್ಬರು. ಅವರು ಏರಿಯ ಇಲಿ ಬಿಲ ನೋಡುವುದಕ್ಕೆ ರಾತ್ರಿ ಬರುವುದು ಸಾಧ್ಯವೇ? ನೀರುಗಂಟಿ ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ. ಈಗ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ತಿರುಗಿಸಿ ನಲ್ಲಿಗೆ ನೀರು ಬಿಡುವವರನ್ನು ಹಾಗೆ ಕರೆಯುತ್ತೇವೆ. ಅವರು ಒಂದು ದಿನ ಬರದಿದ್ದರೆ ಬೈಯುತ್ತೇವೆ. ಅವರ ಸಂಬಳ ಬಂತಾ ಎಂದು ಗ್ರಾಮಸಭೆಯಲ್ಲಿ ಕೇಳಿದವರು ಕಮ್ಮಿ.

ಇನ್ನು ಕೆರೆಯಿಂದ ನಾವು ಹೇಗೆ ದೂರ ಆದೆವು ಎಂಬುದು. ಇದು ನನ್ನ ಮನೆಯದೇ ಕಥೆ.

ನಮ್ಮ ತಂದೆಯ ಕಾಲದಲ್ಲಿ ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು. ಕಪಿಲೆ ಹೊಡೆಯುತ್ತಿದ್ದರು. ಎತ್ತು ಹಿಂದೆ ಮುಂದೆ ಹೋಗುವಷ್ಟು ಹೊತ್ತು ನೀರು, ಎತ್ತು ದಣಿದರೆ ಮುಗಿಯಿತು. ಬಾವಿಗೂ ರಾತ್ರಿ ವಿಶ್ರಾಂತಿ, ಬೆಳಗಿನ ಹೊತ್ತಿಗೆ ಮತ್ತೆ ಊಟೆ ತುಂಬಿರುತ್ತಿತ್ತು. ಕೆರೆ ತುಂಬಿದರೆ ಬಾವಿ ತುಂಬುತ್ತದೆ ಎಂದು ಎಲ್ಲರಿಗೂ ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಪಂಪ್‌ಸೆಟ್ ಬಂತು. ಬಾವಿ ಒಣಗಿತು. ಬೋರ್ ಹಾಕಿಸಿದೆವು, 300 ಅಡಿಗೆ ನೀರು ಸಿಕ್ಕಿತು. ಆ ದಿನ ಮನೆಯಲ್ಲಿ ಹಬ್ಬ. ಕೆರೆ ತುಂಬಲಿ ಬಿಡಲಿ, ನಮಗೆ ನೀರಿದೆ. ಕಾಲುವೆ ಸವರುವ ದಿನ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ನಾನೇ ಹೋಗಲಿಲ್ಲ. ಆಗ ಅದು ತಪ್ಪು ಅಂತ ಅನಿಸಲೇ ಇಲ್ಲ. ಐದಾರು ವರ್ಷಕ್ಕೆ ಪಕ್ಕದ ಜಮೀನಿನವರು 600 ಅಡಿ ಕೊರೆಸಿದರು. ನಮ್ಮದು ಗಾಳಿ ಕಕ್ಕಿತು. ನಾವು ಸಾಲ ಮಾಡಿ 900ಕ್ಕೆ ಹೋದೆವು. ಅವರದ್ದು ನಿಂತಿತು. ಇಬ್ಬರೂ ಒಳ್ಳೆಯವರೇ. ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಓಡಾಡಿದವರೇ. ಆದರೆ ಭೂಮಿಯ ಕೆಳಗೆ ಒಬ್ಬರ ಲೋಟಕ್ಕೆ ಇನ್ನೊಬ್ಬರು ಕೊಳವೆ ಹಾಕಿದ್ದೆವು. ಈಗ ನಮ್ಮ ಜಿಲ್ಲೆಯಲ್ಲಿ 1,000, 1,500 ಅಡಿ ಅಂದರೆ ಯಾರೂ ಬೆಚ್ಚುವುದಿಲ್ಲ. ಅಷ್ಟು ಆಳದಿಂದ ನೀರಿನ ಜೊತೆ ಫ್ಲೋರೈಡ್ ಕೂಡ ಬಂತು. ಹಲ್ಲು, ಮೂಳೆ ನೋಡಿದರೆ ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತದೆ? 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದಲೂ ಜಮೀನು ಯಾರದೋ ಅದರ ಕೆಳಗಿನ ನೀರು ತೆಗೆಯುವ ಹಕ್ಕು ಅವರದು ಎಂದು ನಡೆದುಬಂದಿದೆ. ನಮ್ಮ ರಾಜ್ಯದಲ್ಲಿ 2011ರಲ್ಲಿ ಅಂತರ್ಜಲ ಕಾಯ್ದೆ ಬಂತು, ಅನುಮತಿ ಬೇಕು ಎಂದಾಯಿತು. ಇನ್ನೊಂದು ಕಡೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ರೈತನಿಗೆ ಅದು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಕರೆಂಟ್ ಇರುವಷ್ಟು ಹೊತ್ತೂ ಎತ್ತಿದವರಿಗೆ ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಉಳಿಸಿದವರಿಗೆ ಒಂದು ಹನಿ ಲಾಭವಿಲ್ಲ, ಉಳಿಸಿದ್ದನ್ನು ಪಕ್ಕದವರು ಎತ್ತುತ್ತಾರೆ. ಇಂಥ ಕಟ್ಟಳೆಯಲ್ಲಿ ಎಷ್ಟು ಒಳ್ಳೆಯ ಮನುಷ್ಯನಾದರೂ ಏನು ಮಾಡಲು ಸಾಧ್ಯ?

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಇದನ್ನೇ ಗೋಮಾಳದ ಉದಾಹರಣೆ ಕೊಟ್ಟು ಹೇಳಿದರು. ಎಲ್ಲರದ್ದೂ ಆದ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ಇನ್ನೊಂದು ದನ ಬಿಡುತ್ತಾರೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಒಂದೋ ಸರ್ಕಾರ ವಹಿಸಿಕೊಳ್ಳಬೇಕು, ಇಲ್ಲವೇ ಖಾಸಗಿಗೆ ಹಂಚಬೇಕು ಎಂಬ ತೀರ್ಮಾನಕ್ಕೆ ಬಹಳ ಜನ ಬಂದರು. ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ಒಪ್ಪಲಿಲ್ಲ. ಆಕೆ ಲೆಕ್ಕ ಹಾಕಿಕೊಂಡು ಕೂರುವ ಬದಲು ಊರೂರಿಗೆ ಹೋಗಿ ನೋಡಿದರು. ಆಕೆಯ ಮೊದಲ ಅಧ್ಯಯನ ನಮ್ಮ ಬೋರ್‌ವೆಲ್ ಕಥೆಯ ಹಾಗೇ ಇದೆ. ಲಾಸ್ ಏಂಜಲೀಸ್ ಹತ್ತಿರದ ಒಂದು ಪ್ರದೇಶದಲ್ಲಿ ಎಲ್ಲರೂ ಅಂತರ್ಜಲ ಎತ್ತಿ ಎತ್ತಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗತೊಡಗಿತ್ತು. 1940ರ ದಶಕದಲ್ಲಿ ಜಗಳ ಕೋರ್ಟಿಗೆ ಹೋಯಿತು. ಅಲ್ಲಿನವರು ಪೂರ್ತಿ ಹಾಳಾಗುವವರೆಗೆ ಕಾಯಲಿಲ್ಲ. ಮಾತುಕತೆ ಮಾಡಿ ಎಲ್ಲರೂ ತಂತಮ್ಮ ಪಾಲು ಇಳಿಸಲು ಒಪ್ಪಿದರು. ಯಾರು ಎಷ್ಟು ಎತ್ತಿದರು ಎಂದು ಅಳೆದು ವರ್ಷಕ್ಕೊಮ್ಮೆ ಎಲ್ಲರಿಗೂ ತಿಳಿಸಲು ಒಬ್ಬರನ್ನು ನೇಮಿಸಿಕೊಂಡರು. ಆ ಹುದ್ದೆಯ ಹೆಸರು ವಾಟರ್ ಮಾಸ್ಟರ್. ಅದನ್ನು ಓದಿದ ದಿನ ನನಗೆ ನಮ್ಮೂರಿನ ಲಾಟೀನು ನೆನಪಾಯಿತು. ನೀರುಗಂಟಿ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಇಂಗ್ಲಿಷ್ ಪದ ಇದೆಯಾ?

ಆಕೆ ಬರೆದ ಇನ್ನೊಂದು ಉದಾಹರಣೆ ಸ್ಪೇನಿನದು. ಅಲ್ಲಿನ ವೇಲೆನ್ಸಿಯಾ ಊರಿನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ಪಂಚಾಯಿತಿ ಕೂರುತ್ತದೆ. ಕೂರುವವರು ರೈತರೇ ಆರಿಸಿದ ರೈತರು. ಕಾಗದ ಪತ್ರ ಇಲ್ಲ, ವಕೀಲರಿಲ್ಲ. ಯಾರು ಸರದಿ ತಪ್ಪಿಸಿ ನೀರು ಬಿಟ್ಟುಕೊಂಡರು ಎಂದು ಎಲ್ಲರ ಮುಂದೆ ಕೇಳಿ ಅಲ್ಲೇ ತೀರ್ಪು. ನೂರಾರು ವರ್ಷದಿಂದ ನಡೆದಿದೆ. ನಮ್ಮ ಅರಳಿಕಟ್ಟೆಯೇ ಅಲ್ವಾ? ಇಂಥ ಏರ್ಪಾಟುಗಳ ಅಧ್ಯಯನಕ್ಕೆ 2009ರಲ್ಲಿ ಆಸ್ಟ್ರಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಬಹುಮಾನ ಪಡೆದ ಮೊದಲ ಹೆಣ್ಣುಮಗಳು. ಜನ ಸೇರಿ ನಡೆಸಿದ್ದೆಲ್ಲ ಉಳಿಯುತ್ತದೆ ಎಂದು ಆಕೆ ಹೇಳಲಿಲ್ಲ. ಎಲ್ಲಿ ಪಾಲುದಾರರು ಯಾರೆಂದು ಗೊತ್ತಿರುತ್ತದೋ, ಕಾಯುವವರು ಪಾಲುದಾರರಿಗೇ ಉತ್ತರ ಕೊಡಬೇಕೋ, ತಪ್ಪಿಗೆ ಮೊದಲು ಸಣ್ಣ ದಂಡ ಇರುತ್ತದೋ ಅಲ್ಲಿ ಉಳಿದಿದೆ ಎಂದರು.

ಒದಗಿಸುವ ದಾರಿಗಳು ಬೇರೆಯೂ ಇವೆ. ಪೋಲಿಯೊ ಲಸಿಕೆಯನ್ನು ಸರ್ಕಾರವೇ ಮನೆಬಾಗಿಲಿಗೆ ತಂದಿತು. ನಿಮ್ಮ ಮಗುವಿಗೆ ಹಾಕಿದ ಎರಡು ಹನಿ ನಮ್ಮ ಮಗುವನ್ನೂ ಕಾಯುತ್ತದೆ. ಅಂಥದ್ದನ್ನು ಊರೂರಿನ ಇಷ್ಟಕ್ಕೆ ಬಿಡಲಾಗುವುದಿಲ್ಲ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಡೇರಿ ಸಂಘದ್ದು ಇನ್ನೊಂದು ದಾರಿ, ಸದಸ್ಯರಿಗೆ ಸದಸ್ಯರೇ ಮಾಡಿಕೊಂಡದ್ದು.

ಕಂಪನಿಯ ದಾರಿಗೆ ಕೆಜಿಎಫ್ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ಇಲ್ಲಿ ಬಂತು. ಬೇತಮಂಗಲದಿಂದ ಕೊಳವೆಯಲ್ಲಿ ನೀರು, ಗಣಿಗೇ ಒಂದು ಆಸ್ಪತ್ರೆ. ಆದರೆ ಆ ತಂತಿ ಹಾದುಹೋದ ಹಳ್ಳಿಗಳು ಕತ್ತಲಲ್ಲೇ ಇದ್ದವು. ಮತ್ತೆ 2001ರಲ್ಲಿ ಗಣಿ ಮುಚ್ಚಿದಾಗ ಅಲ್ಲಿನ ಜನ ಕಳೆದುಕೊಂಡದ್ದು ಕೆಲಸ ಮಾತ್ರ ಅಲ್ಲ. ನೀರು, ದೀಪ, ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಕೈಯೂ ಹೋಯಿತು. ಚಿನ್ನ ಇರುವವರೆಗೆ ಮಾತ್ರ ಇರುವ ಸೌಕರ್ಯವನ್ನು ನಂಬಿ ಎರಡು ಮೂರು ತಲೆಮಾರು ಬದುಕಿತ್ತು.

ಈಗ ಎಲ್ಲರೂ ಕೇಳಲು ಕಾದಿರುವ ವಿಷಯ, ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬುವ ಯೋಜನೆ. 2018ರಲ್ಲಿ ನೀರು ಬಂತು. ದಿನಕ್ಕೆ 44 ಕೋಟಿ ಲೀಟರ್ ತರುವ ಲೆಕ್ಕ. ಒಣಗಿದ ಕೆರೆ ತುಂಬಿದ್ದನ್ನು ನೋಡಿ ಕಣ್ಣಲ್ಲಿ ನೀರು ಬಂದವರಿದ್ದಾರೆ. ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ್ದು ಸಾಲದು, ಮೂರನೇ ಹಂತವೂ ಆಗಬೇಕು ಎಂದು ಹೋರಾಡುತ್ತಿರುವವರೂ ಇದ್ದಾರೆ. ನಾನು ಅವರ ಕಡೆ. ಇಂಗಿದ ನೀರಿಗೆ ಬೇಲಿ ಇಲ್ಲ, ಇಂಗಿದ ಕೊಳೆಗೂ ಬೇಲಿ ಇಲ್ಲ. ನೀರನ್ನು ತಿಂಗಳು ತಿಂಗಳು ಪರೀಕ್ಷೆ ಮಾಡಿ ಫಲಿತಾಂಶವನ್ನು ಪಂಚಾಯತಿ ಗೋಡೆ ಮೇಲೆ ಅಂಟಿಸುವುದೂ ಒಂದು ಸಾರ್ವಜನಿಕ ಸರಕೇ. ಒಬ್ಬ ರೈತ ತನ್ನ ದುಡ್ಡಲ್ಲಿ ಅದನ್ನು ಯಾಕೆ ಮಾಡಿಸುತ್ತಾನೆ? ಮಾಡಿಸಿದರೆ ಊರಿಗೆಲ್ಲ ಉಪಯೋಗ, ಖರ್ಚು ಅವನೊಬ್ಬನದು. ಅದನ್ನು ನಾವು ಸೇರಿ ಕೇಳಬೇಕು.

ಇನ್ನೊಂದು ಇದೆ. ಆ ನೀರು ಕೆರೆಯಿಂದ ಕೆರೆಗೆ ಹೋಗುವುದು ಹಳೆಯ ಸರಪಣಿಯಲ್ಲೇ. ಹೊಸ ಯೋಜನೆ ನಿಂತಿರುವುದು ನಮ್ಮ ಹಿಂದಿನವರ ಕಾಲುವೆಗಳ ಮೇಲೆ. ನೇರವಾಗಿ ಮೋಟಾರ್ ಇಟ್ಟು ಎತ್ತಬಾರದು ಎಂಬ ನಿಯಮ ಇದ್ದರೂ ದಾರಿಯಲ್ಲಿ ಎತ್ತುವವರಿದ್ದಾರೆ. ಕಾಲುವೆಯನ್ನೇ ಹೊಲಕ್ಕೆ ಸೇರಿಸಿಕೊಂಡವರೂ ಇದ್ದಾರೆ. ನಿಮ್ಮ ಕೆರೆಗೆ ಇನ್ನೂ ನೀರು ಬಂದಿಲ್ಲ. ಮೇಲಿನ ಕೆರೆಗೆ ಬಂದಿದೆ. ನಡುವಿನ ಕಾಲುವೆ ಎಲ್ಲಿದೆ?

ಈ ಪ್ರಶ್ನೆಗೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಯಾರನ್ನೂ ಬೊಟ್ಟು ಮಾಡಲು ಬಂದಿರಲಿಲ್ಲ. ನಿಮ್ಮ ನಿಮ್ಮ ಪಹಣಿ ತೆಗೆದು ನೋಡಿ ಅಂದೆ. ವಿಸ್ತೀರ್ಣದ ಕಲಮಿನಲ್ಲಿ ಖರಾಬು ಎಂದು ಎರಡು ಸಾಲು ಇರುತ್ತದೆ, ಎ ಮತ್ತು ಬಿ. ಎ ಖರಾಬು ಬಂಡೆ, ದಿಣ್ಣೆ ಇತ್ಯಾದಿ, ಉಳುಮೆಗೆ ಬಾರದ್ದು. ಬಿ ಖರಾಬು ದಾರಿ, ಹಳ್ಳ, ಕಾಲುವೆ. ಅದು ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ನಿಮ್ಮದಲ್ಲ, ಎಲ್ಲರದ್ದು. ಗುಂಟೆ ಲೆಕ್ಕದಲ್ಲಿ ಬರೆದಿರುತ್ತದೆ. ನಾನು ನನ್ನ ಪಹಣಿ ಜೇಬಿನಲ್ಲಿ ತಂದಿದ್ದೆ, ತೆಗೆದು ತೋರಿಸಿದೆ. ನಮ್ಮ ಜಮೀನಿನಲ್ಲಿ ಮೂರು ಗುಂಟೆ ಬಿ ಖರಾಬು ಇದೆ. ಬಹಳ ವರ್ಷ ಅದರ ಮೇಲೆ ನಾವು ರಾಗಿ ಬಿತ್ತಿದ್ದೆವು. ಹೋದ ವರ್ಷ ಬಿಟ್ಟುಕೊಟ್ಟೆವು.

ಆಮೇಲೆ ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಎದ್ದು ಕೇಳಿದರು. "ಕಾಲುವೆ ತೆಗೆದರೆ ಜಮೀನು ಇರೋರಿಗೆ ನೀರು. ಜಮೀನೇ ಇಲ್ಲದ ನಾವು ಯಾಕೆ ಗುದ್ದಲಿ ಹಿಡೀಬೇಕು?"

ಇಡೀ ಸಂಜೆಯ ಗಟ್ಟಿ ಪ್ರಶ್ನೆ ಇದು. ಉದ್ಯೋಗ ಖಾತರಿಯ ಕೂಲಿ ಸಿಗುತ್ತದೆ ಎಂದು ಹೇಳಿ ಮುಗಿಸಬಹುದಿತ್ತು, ಆದರೆ ಅದು ಪೂರ್ತಿ ಉತ್ತರ ಅಲ್ಲ. 1972ರ ಬರದ ನಂತರ ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಅವರು ಪಾಣಿ ಪಂಚಾಯತ್ ಕಟ್ಟಿದರು. ಅಲ್ಲಿ ನೀರಿನ ಪಾಲು ಜಮೀನಿನ ಲೆಕ್ಕದಲ್ಲಿ ಅಲ್ಲ, ಮನೆಯಲ್ಲಿ ಎಷ್ಟು ಜನ ಎಂಬ ಲೆಕ್ಕದಲ್ಲಿ. ಜಮೀನು ಇಲ್ಲದವರಿಗೂ ಪಾಲು. ನೀರು ಜಮೀನಿಗೆ ಅಂಟಿಕೊಂಡಿರಲೇಬೇಕೆಂದಿಲ್ಲ, ಅದನ್ನು ಬಿಡಿಸಬಹುದು ಎಂದು ಆ ಊರುಗಳು ತೋರಿಸಿದವು. ನಿಮ್ಮ ಕೆರೆ ತುಂಬಿದರೆ ಮೀನು ಹಿಡಿಯುವ ಹಕ್ಕು ಯಾರಿಗೆ? ಗೋಡು ಮಣ್ಣು ಯಾರಿಗೆ? ದಂಡೆಯ ಹುಲ್ಲು ಯಾರಿಗೆ? ಇವನ್ನು ಗುದ್ದಲಿ ಹಿಡಿಯುವ ಮೊದಲೇ ಮಾತಾಡಿಕೊಳ್ಳಿ, ಬರೆದುಕೊಳ್ಳಿ. ಆಮೇಲೆ ನೋಡೋಣ ಅಂದರೆ ಆಮೇಲೆ ಯಾರೂ ನೋಡುವುದಿಲ್ಲ. ಅಕ್ಕ ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. "ಬರೆದು ಕೊಡ್ತಾರಾ ನೋಡೋಣ" ಎಂದು ಕೂತರು. ಅವರ ಅನುಮಾನ ನ್ಯಾಯವಾದದ್ದೇ.

ಸಭೆ ಮುಗಿಯುವಾಗ ಒಂದು ತೀರ್ಮಾನ ಆಯಿತು. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ತೂಬಿನ ಹತ್ತಿರ ಸೇರುವುದು. ಗ್ರಂಥಾಲಯದ ಹುಡುಗರು ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆಯ ಪ್ರತಿ ತರುತ್ತಾರೆ. ಮೇಲಿನ ಕೆರೆಯ ಕೋಡಿಯಿಂದ ಇಲ್ಲಿಯವರೆಗೆ ಕಾಲುವೆ ಇದ್ದ ಜಾಡು ಹಿಡಿದು ನಡೆಯುವುದು, ಎಲ್ಲಿ ಮುಚ್ಚಿದೆ ಎಂದು ಗುರುತು ಹಾಕುವುದು. ನಕ್ಷೆ ಇದ್ದರೂ ಜಾಡು ಗೊತ್ತಿರುವವರು ಊರಿನಲ್ಲಿ ಒಬ್ಬರೇ, ಹಳೆಯ ನೀರುಗಂಟಿಯ ಮಗ. ಎಪ್ಪತ್ತು ದಾಟಿದವರು. ಚಿಕ್ಕಂದಿನಲ್ಲಿ ತಂದೆಯ ಹಿಂದೆ ಲಾಟೀನು ಹಿಡಿದು ಹೋದವರು. ಬರುತ್ತೀರಾ ಎಂದು ಕೇಳಿದಾಗ ತಕ್ಷಣ ಹೂಂ ಅನ್ನಲಿಲ್ಲ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಹಿಂದಿನ ಹಾಗೆ ಕರೆದರೆ ಬರಲ್ಲ. ಕೂಲಿ ಕೊಟ್ಟು, ಮುಂದೆ ನಡೆಸಿಕೊಂಡು ಹೋಗೋದಾದರೆ ಬರ್ತೀನಿ" ಅಂದರು. ಯಾರೋ ಟವೆಲ್ ಹಾಸಿ ಮನೆಗೆ ಹತ್ತು ರೂಪಾಯಿಯಂತೆ ಎತ್ತಲು ಶುರು ಮಾಡಿದರು. ಮೊದಲ ಹತ್ತು ರೂಪಾಯಿ ಹಾಕಿದ್ದು ಪ್ರಶ್ನೆ ಕೇಳಿದ ಅಕ್ಕ. ಹಾಕಿ, ಪುಸ್ತಕ ಬರೆಯುತ್ತಿದ್ದ ಹುಡುಗನಿಗೆ ತಮ್ಮ ಹೆಸರು ಜೋರಾಗಿ ಹೇಳಿ ಬರೆಸಿದರು.